ಮಿತಿಯೊಳಗಿನ ನೀರು, ಮಿತಿ ಮೀರುವ ಮಣ್ಣು

ನಗರದ ತ್ಯಾಜ್ಯನೀರನ್ನು ಹೊಲಕ್ಕೆ ಹರಿಸಬಹುದೇ ಎಂದು ಕೇಳಿದಾಗಲೆಲ್ಲ ಅಧಿಕಾರಿಗಳು, ಎಂಜಿನಿಯರುಗಳು, ಈಚೆಗೆ ನೀರಿನ ಮರುಬಳಕೆಯ ಪರವಾಗಿ ಮಾತಾಡುವ ಪರಿಸರಾಸಕ್ತರು ಕೂಡ ಕೊಡುವ ಉತ್ತರ ಒಂದೇ: ನೀರಿನಲ್ಲಿ ಲೋಹಗಳ ಪ್ರಮಾಣ ಮಿತಿಯೊಳಗಿದೆ, ಆದ್ದರಿಂದ ಬೆಳೆ ಸುರಕ್ಷಿತ. ಅಹಮದಾಬಾದ್, ವಡೋದರ, ಸೂರತ್‌ಗಳ ಸುತ್ತಮುತ್ತ ದಶಕಗಳಿಂದ ಈ ಮಾತು ಚಾಲ್ತಿಯಲ್ಲಿದೆ. 2018ರಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಕೋಲಾರದ ಕೆರೆಗಳತ್ತ ಹೊರಟ ಮೇಲೆ ನಮ್ಮಲ್ಲೂ ಅದೇ ವಾಕ್ಯ ಕೇಳಿಬರುತ್ತಿದೆ. ಅದರ ಮೊದಲ ಅರ್ಧ ನಿಜವೇ ಇರಬಹುದು. ಎರಡನೆಯ ಅರ್ಧ ಮೊದಲನೆಯದರಿಂದ ಹುಟ್ಟುವುದಿಲ್ಲ. ಲೋಹ ನೀರಿನಲ್ಲಿ ಹೇಗಿರುತ್ತದೆ, ಮಣ್ಣಿನಲ್ಲಿ ಹೇಗಿರುತ್ತದೆ, ಬೇರಿನ ಒಳಕ್ಕೆ ಹೇಗೆ ನುಗ್ಗುತ್ತದೆ ಎಂಬ ಬಗ್ಗೆ ಅರ್ಧ ಶತಮಾನದಲ್ಲಿ ವಿಜ್ಞಾನ ಕಂಡುಕೊಂಡದ್ದೆಲ್ಲ ಈ ‘ಆದ್ದರಿಂದ’ಕ್ಕೆ ವಿರುದ್ಧವಾಗಿದೆ.

ಮೊದಲು, ಯಾವ ಮಿತಿ ಎಂದು ಕೇಳಬೇಕು. 1986ರ ಪರಿಸರ ಸಂರಕ್ಷಣಾ ನಿಯಮಗಳ ಆರನೆಯ ಅನುಸೂಚಿಯಲ್ಲಿ ತ್ಯಾಜ್ಯನೀರಿನ ಸಾಮಾನ್ಯ ಮಾನದಂಡಗಳ ಕೋಷ್ಟಕವಿದೆ. ನೀರು ಎಲ್ಲಿಗೆ ಸೇರುತ್ತದೆ ಎಂಬುದರ ಪ್ರಕಾರ ಅದರಲ್ಲಿ ನಾಲ್ಕು ಕಾಲಮ್ಮುಗಳು: ಒಳನಾಡಿನ ಹೊಳೆ–ಕೆರೆ, ಊರಿನ ಒಳಚರಂಡಿ, ನೀರಾವರಿ ಭೂಮಿ, ಕಡಲತೀರ. ಕ್ಯಾಡ್ಮಿಯಂ ಸಾಲನ್ನು ಓದಿ: ಹೊಳೆಗಾದರೆ ಲೀಟರಿಗೆ 2 ಮಿಲಿಗ್ರಾಂ, ಒಳಚರಂಡಿಗೆ 1, ಕಡಲಿಗೆ 2. ನೀರಾವರಿ ಭೂಮಿಯ ಕಾಲಮ್ಮಿನಲ್ಲಿ ಒಂದು ಅಡ್ಡಗೆರೆ. ಸೀಸಕ್ಕೂ ಅಡ್ಡಗೆರೆ. ಕ್ರೋಮಿಯಂ, ನಿಕ್ಕಲ್, ತಾಮ್ರ, ಸತು, ಪಾದರಸ, ಎಲ್ಲಕ್ಕೂ ಅಡ್ಡಗೆರೆಯೇ. ಆರ್ಸೆನಿಕ್‌ಗೆ ಮಾತ್ರ 0.2 ಎಂಬ ಅಂಕಿಯಿದೆ. ಅನ್ನ ಬೆಳೆಯುವ ನೆಲಕ್ಕೆ ಬೀಳುವ ತ್ಯಾಜ್ಯದಲ್ಲಿ ಎಷ್ಟು ಕ್ಯಾಡ್ಮಿಯಂ ಇರಬಹುದು ಎಂಬ ಪ್ರಶ್ನೆಗೆ ಈ ಕೋಷ್ಟಕ ಏನನ್ನೂ ಹೇಳುವುದಿಲ್ಲ. ಹಾಗಿದ್ದರೂ ‘ಮಿತಿಯೊಳಗಿದೆ’ ಎಂಬ ಭರವಸೆ ರೈತನಿಗೆ ಸಿಗುತ್ತಲೇ ಇದೆ. ಅದು ಹೊಳೆಗೆಂದು ಬರೆದ ಮಿತಿ. ಹೊಳೆಯ ನೀರಿನಲ್ಲಿ ಬೆರೆತು ತೆಳುವಾದೀತು ಎಂಬ ನಂಬಿಕೆಯ ಮೇಲೆ ನಿಂತದ್ದನ್ನು ತಂದು ಹೊಲಕ್ಕೆ ಅನ್ವಯಿಸಲಾಗುತ್ತಿದೆ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ನೀರಾವರಿ ನೀರಿಗೆಂದೇ ಬೇರೆ ಪಟ್ಟಿ ಕೊಟ್ಟಿದೆ. ಅದರ ಪ್ರಕಾರ ಕ್ಯಾಡ್ಮಿಯಂ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು. ನಮ್ಮ ಹೊಳೆಯ ಮಿತಿ ಇದರ 200 ಪಟ್ಟು. ನಿಕ್ಕಲ್, ತಾಮ್ರ ಎರಡಕ್ಕೂ ಆ ಪಟ್ಟಿ 0.2 ಎನ್ನುತ್ತದೆ, ನಮ್ಮದು 3. ಸೀಸದ ವಿಷಯದಲ್ಲಿ ಮಾತ್ರ ನಮ್ಮ ಹೊಳೆಯ ಮಿತಿಯೇ ಬಿಗಿ: ನಮ್ಮದು 0.1, ಅವರದು 5. ಕಾರಣ, ಸೀಸ ಮಣ್ಣಿಗೆ ಅಂಟಿಕೊಂಡು ಅಲ್ಲೇ ನಿಲ್ಲುತ್ತದೆ, ಬೇರಿನಿಂದ ಮೇಲಕ್ಕೆ ಹೋಗುವುದು ಕಡಿಮೆ. ಕುಡಿಯುವವನಿಗೆ ಅಪಾಯಕರವಾದ ನೀರು ಗಿಡಕ್ಕೆ ಅಷ್ಟು ಅಪಾಯಕರವಲ್ಲದೆ ಇರಬಹುದು, ಕುಡಿಯುವವನಿಗೆ ಅಷ್ಟಾಗಿ ತಟ್ಟದ್ದು ಹೊಲವನ್ನು ಕೆಡಿಸಬಹುದು. ಒಂದೊಂದು ಲೋಹದ ನಡತೆ ಒಂದೊಂದು ಥರ. ಎಲ್ಲವನ್ನೂ ‘ಭಾರಲೋಹ’ ಎಂಬ ಒಂದು ಹೆಸರಿನಡಿ ಕೂಡಿಹಾಕಿ ‘ಮಿತಿಯೊಳಗೆ’ ಎಂದುಬಿಡುವುದು ಇಲ್ಲೇ ತಪ್ಪುತ್ತದೆ.

ಇನ್ನೂ ದೊಡ್ಡ ತಪ್ಪು ಲೆಕ್ಕದ್ದು. ಲೀಟರಿಗೆ ಇಷ್ಟು ಎಂಬುದು ನೀರಿನ ಲೆಕ್ಕ. ಹೊಲಕ್ಕೆ ಬೇಕಾದದ್ದು ಎಕರೆಗೆ, ಹೆಕ್ಟೇರಿಗೆ, ವರ್ಷಕ್ಕೆ ಎಷ್ಟು ಎಂಬ ಲೆಕ್ಕ. ಒಂದು ಹೆಕ್ಟೇರಿಗೆ ವರ್ಷಕ್ಕೆ ಒಂದು ಮೀಟರ್ ಎತ್ತರದಷ್ಟು ನೀರು ಕೊಟ್ಟರೆ ಅದು 1 ಕೋಟಿ ಲೀಟರ್. ಪಟ್ಟಿಯ ಬಿಗಿಯಾದ 0.01 ಮಿತಿಯಲ್ಲೇ ಕೊಟ್ಟರೂ ವರ್ಷಕ್ಕೆ 100 ಗ್ರಾಂ ಕ್ಯಾಡ್ಮಿಯಂ ಮಣ್ಣಿಗೆ ಬೀಳುತ್ತದೆ. ಮೇಲಿನ 15 ಸೆಂಟಿಮೀಟರ್ ಮಣ್ಣಿನ ತೂಕ ಹೆಕ್ಟೇರಿಗೆ ಸುಮಾರು 20 ಲಕ್ಷ ಕಿಲೋ. ಬಿದ್ದದ್ದೆಲ್ಲ ಅಲ್ಲೇ ಉಳಿಯಿತು ಎಂದುಕೊಂಡರೆ 20 ವರ್ಷಗಳಲ್ಲಿ ಮಣ್ಣಿನ ಕ್ಯಾಡ್ಮಿಯಂ ಕಿಲೋಗೆ 1 ಮಿಲಿಗ್ರಾಂ ಏರುತ್ತದೆ. ನಮ್ಮ ಹೊಳೆಯ ಮಿತಿಯಾದ 2 ಮಿಲಿಗ್ರಾಂ ಹಿಡಿದರೆ ವರ್ಷಕ್ಕೆ ಬೀಳುವುದು 20 ಕಿಲೋ, ಒಂದೇ ವರ್ಷದಲ್ಲಿ ಏರುವುದು 10 ಮಿಲಿಗ್ರಾಂ. ಯಾವ ಕಾಲುವೆಯಲ್ಲೂ ದಿನವೂ ಅಷ್ಟು ಕ್ಯಾಡ್ಮಿಯಂ ಹರಿಯುತ್ತದೆ ಎಂದು ನಾನು ಹೇಳುತ್ತಿಲ್ಲ. ಕಾಗದದ ಮೇಲೆ ‘ಮಿತಿಯೊಳಗಿನ’ ನೀರು ಹೊಲವನ್ನು ಎಲ್ಲಿಗೆ ಒಯ್ಯಬಹುದು ಎಂದು ತೋರಿಸುತ್ತಿದ್ದೇನೆ. ಒಳಚರಂಡಿಯ ರಾಡಿಯನ್ನು ಹೊಲಕ್ಕೆ ಹಾಕುವುದರ ಬಗ್ಗೆ ಯುರೋಪು 1986ರಲ್ಲೇ ಮಾಡಿದ ಕಾನೂನು ಮಣ್ಣಿನ ಕ್ಯಾಡ್ಮಿಯಂಗೆ ಕಿಲೋಗೆ 1ರಿಂದ 3 ಮಿಲಿಗ್ರಾಂ ಮಿತಿ ಇಟ್ಟಿತು. ಅದರ ಜೊತೆಗೆ, ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ 150 ಗ್ರಾಂಗಿಂತ ಹೆಚ್ಚು ಕ್ಯಾಡ್ಮಿಯಂ ಬೀಳಕೂಡದು ಎಂದೂ ಬರೆಯಿತು. ನಮ್ಮ ನಿಯಮಗಳಿಗೆ ಆರನೆಯ ಅನುಸೂಚಿ ಸೇರಿದ್ದು ಅದಾದ ಏಳು ವರ್ಷಕ್ಕೆ, 1993ರಲ್ಲಿ. ಅವರು ಹೊಲದ ಲೆಕ್ಕ ಇಟ್ಟರು, ನಾವು ಅಡ್ಡಗೆರೆ ಎಳೆದೆವು.

ಸಾವಯವ ಕೊಳೆ ಕರಗುತ್ತದೆ, ರೋಗಾಣು ಬಿಸಿಲಿಗೆ ಸಾಯುತ್ತದೆ, ಎಷ್ಟೋ ಕೀಟನಾಶಕಗಳೂ ಕಾಲಕ್ರಮೇಣ ಒಡೆಯುತ್ತವೆ. ಲೋಹ ಮೂಲಧಾತು, ಅದು ಒಡೆಯುವುದಿಲ್ಲ. ಗಡಸು ನೀರು ಕಾಯಿಸಿದ ಬಚ್ಚಲುಹಂಡೆಯ ತಳದಲ್ಲಿ ಬಿಳಿ ಪದರ ಕೂರುವ ಹಾಗೆ, ನೀರು ಆವಿಯಾಗಿ ಹೋದ ಮೇಲೂ ಅದು ಹೊಲದಲ್ಲೇ ಕೂತಿರುತ್ತದೆ.

ಅಹಮದಾಬಾದಿನ ಪೂರ್ವಕ್ಕೆ ನರೋಡಾ, ಓಢವ್, ವಟ್ವಾ ಕೈಗಾರಿಕಾ ವಸಾಹತುಗಳಿವೆ. ಬಣ್ಣ, ಬಣ್ಣದ ಕಚ್ಚಾವಸ್ತು, ರಾಸಾಯನಿಕ ಅಲ್ಲಿನ ಕಸುಬು. ಅವುಗಳ ತ್ಯಾಜ್ಯ ಖಾರಿಕಟ್ ಕಾಲುವೆಗೂ ಖಾರಿ ನದಿಗೂ ಸೇರಿ ಲಾಲಿ, ನವಾಗಾಮದಂಥ ಹಳ್ಳಿಗಳ ಹೊಲ, ಬಾವಿಗಳನ್ನು ಕೆಡಿಸಿತು. ಪ್ರವೀಣಭಾಯಿ ಜಶಭಾಯಿ ಪಟೇಲ್ ಅವರ ಅರ್ಜಿಯ ಮೇಲೆ ಗುಜರಾತ್ ಹೈಕೋರ್ಟು 1995ರಲ್ಲಿ 756 ಘಟಕಗಳನ್ನು ಮುಚ್ಚಲು ಆಜ್ಞೆ ಮಾಡಿತು. ಘಟಕಗಳು ತಮ್ಮ ಒಂದು ವರ್ಷದ ವಹಿವಾಟಿನ ಶೇ. 1ರಷ್ಟನ್ನು ಕಟ್ಟಬೇಕೆಂದೂ ಹೇಳಿತು. ಮಾಡಿದವನೇ ತೆರಬೇಕು ಎಂಬ ತತ್ತ್ವವನ್ನು ಅಷ್ಟು ನೇರವಾಗಿ ಎತ್ತಿಹಿಡಿದ ತೀರ್ಪುಗಳು ನಮ್ಮಲ್ಲಿ ಹೆಚ್ಚಿಲ್ಲ. ಆಮೇಲೆ ಸಾಮೂಹಿಕ ಶುದ್ಧೀಕರಣ ಘಟಕಗಳು ಬಂದವು. ಅವುಗಳ ನೀರನ್ನು ಪಿರಾಣಾ ಬಳಿ ಸಾಬರಮತಿಗೆ ಒಯ್ಯುವ ದೊಡ್ಡ ಕೊಳವೆಯೂ ಬಂತು. ಸಮಸ್ಯೆ ಖಾರಿಯಿಂದ ಎದ್ದು ಸಾಬರಮತಿಗೆ ಹೋಯಿತು. ಊರೊಳಗಿನ ನದಿದಂಡೆಯಲ್ಲಿ ಇವತ್ತು ತುಂಬಿ ನಿಂತಿರುವುದು ನರ್ಮದೆಯ ನೀರು. ವಾಸಣಾ ಬ್ಯಾರೇಜು ದಾಟಿದರೆ ವರ್ಷದ ಬಹುಭಾಗ ಹರಿಯುವುದು ನಗರದ ಮತ್ತು ಕಾರ್ಖಾನೆಗಳ ನೀರೇ. ಬೆರೆತು ತೆಳುವಾಗಲು ಅಲ್ಲಿ ಹೊಳೆಯೇ ಇಲ್ಲ. 2021ರಲ್ಲಿ ಅದೇ ಹೈಕೋರ್ಟು ಸಾಬರಮತಿಯ ಮಾಲಿನ್ಯವನ್ನು ತಾನಾಗಿಯೇ ಕೈಗೆತ್ತಿಕೊಳ್ಳಬೇಕಾಯಿತು.

ವಡೋದರದ ಕಥೆಯಲ್ಲಿ ಗುಟ್ಟೇನೂ ಇಲ್ಲ. ಪೆಟ್ರೋರಸಾಯನ, ಗೊಬ್ಬರ, ನಂದೇಸರಿಯ ರಾಸಾಯನಿಕ ಘಟಕಗಳ ತ್ಯಾಜ್ಯವನ್ನು ಕಡಲಿಗೆ ಸಾಗಿಸಲು ಸುಮಾರು 56 ಕಿಲೋಮೀಟರ್ ಉದ್ದದ ಕಾಲುವೆ ಕಟ್ಟಿದರು, 1983ರಲ್ಲಿ ಅದು ಹರಿಯತೊಡಗಿತು. ಪಾದ್ರಾ ತಾಲ್ಲೂಕಿನ ನಡುವೆ ಹಾದು ಜಂಬೂಸರ್ ತಾಲ್ಲೂಕಿನ ಸಾರೋಡ್ ಬಳಿ ಅದು ನೀರು ಬಿಡುತ್ತದೆ. ಪಾದ್ರಾ ಎಂದರೆ ತರಕಾರಿ ಬೆಳೆಯುವ ಸೀಮೆ. ಕಾಲುವೆ ಬದಿಯ ರೈತರು ಪಂಪು ಇಟ್ಟು ಅದೇ ನೀರನ್ನು ಹೊಲಕ್ಕೆ ಎತ್ತಿದ್ದಾರೆ. ಅವರನ್ನು ದೂರಬಾರದು. ಬಾವಿ ಕೆಟ್ಟ ಮೇಲೆ, ಮಳೆ ತಪ್ಪಿದ ಮೇಲೆ, ವರ್ಷವಿಡೀ ಬಾಗಿಲಲ್ಲೇ ಹರಿಯುವ ನೀರನ್ನು ಯಾವ ರೈತ ಬಿಟ್ಟಾನು? ಕಡಲಿಗೆಂದು ಕಟ್ಟಿದ ಕಾಲುವೆಯ ಅಳತೆ ಕಡಲಿನದು. ಅದರ ಬದಿಯ ಹೊಲವನ್ನು ಅದೇ ಶ್ರದ್ಧೆಯಿಂದ ಅಳೆಯುವ ಹೊಣೆ ಯಾರ ತಲೆಗೂ ಕಟ್ಟಲಿಲ್ಲ. ವಡೋದರದ ಪರ್ಯಾವರಣ ಸುರಕ್ಷಾ ಸಮಿತಿ ಇಂಥ ಪ್ರಶ್ನೆಗಳನ್ನು ಹಿಡಿದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಪ್ರತಿ ಕಾರ್ಖಾನೆಯೂ ಕೆಲಸ ಮಾಡುವ ಶುದ್ಧೀಕರಣ ಘಟಕ ಹೊಂದಿರಲೇಬೇಕು, ಇಲ್ಲವಾದರೆ ನಡೆಯಕೂಡದು ಎಂದು ನ್ಯಾಯಾಲಯ 2017ರ ಫೆಬ್ರವರಿಯಲ್ಲಿ ಹೇಳಿತು. ಒಳ್ಳೆಯ ಆಜ್ಞೆ. ಆದರೆ ಅದೂ ಕೊಳವೆಯ ತುದಿಯಲ್ಲೇ ನಿಲ್ಲುತ್ತದೆ.

ಈಗ ಗಿಡದ ಕಡೆಗೆ ಬರೋಣ. ‘ಬೆಳೆ ಹಸಿರಾಗಿ ಹುಲುಸಾಗಿದೆ, ವಿಷವಿದ್ದರೆ ಹೀಗಿರುತ್ತಿತ್ತೇ?’ ಎಂಬ ವಾದ ಹೊಲದಲ್ಲೂ ಕಚೇರಿಯಲ್ಲೂ ಕೇಳಿಸುತ್ತದೆ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿ ರೂಫಸ್ ಚೇನಿ ಇದಕ್ಕೆ 1980ರಲ್ಲೇ ಉತ್ತರ ಕೊಟ್ಟರು. ಸತು, ತಾಮ್ರ, ನಿಕ್ಕಲ್ ಅತಿಯಾದರೆ ಉಣ್ಣುವವನಿಗೆ ತೊಂದರೆಯಾಗುವ ಮೊದಲೇ ಗಿಡ ಸೊರಗುತ್ತದೆ. ಸೀಸವೂ ಮೂರು ವಿದ್ಯುದಂಶದ ಕ್ರೋಮಿಯಮ್ಮೂ ಮಣ್ಣಿನಲ್ಲಿ ಅಥವಾ ಬೇರಿನಲ್ಲೇ ಬಹುಮಟ್ಟಿಗೆ ಸಿಕ್ಕಿಬೀಳುತ್ತವೆ. ಈ ತಡೆಯನ್ನು ದಾಟುವುದು ಕ್ಯಾಡ್ಮಿಯಂ. ಮನುಷ್ಯನ ಮೂತ್ರಪಿಂಡಕ್ಕೆ ಕೇಡು ಮಾಡುವಷ್ಟು ಕ್ಯಾಡ್ಮಿಯಂ ಎಲೆಯಲ್ಲಿದ್ದರೂ ಗಿಡಕ್ಕೆ ಏನೂ ಆಗಿರುವುದಿಲ್ಲ. ಪಾಲಕ್ ಹಸಿರಾಗಿಯೇ ಇರುತ್ತದೆ. ಒಳಹೋದ ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ದಶಕಗಳ ಕಾಲ ಉಳಿಯುತ್ತದೆ.

ಗಿಡಕ್ಕೆ ಕ್ಯಾಡ್ಮಿಯಂ ಬೇಕಿಲ್ಲ. ಆದರೆ ಬೇರಿನಲ್ಲಿ ಕಬ್ಬಿಣ, ಸತು, ಮ್ಯಾಂಗನೀಸುಗಳನ್ನು ಒಳಗೆ ಬಿಟ್ಟುಕೊಳ್ಳಲು ಇರುವ ಪ್ರೋಟೀನುಗಳು ಅದನ್ನೂ ಬಿಟ್ಟುಕೊಳ್ಳುತ್ತವೆ. ಭತ್ತದಲ್ಲಿ ಕ್ಯಾಡ್ಮಿಯಂ ಮುಖ್ಯವಾಗಿ ಮ್ಯಾಂಗನೀಸಿನ ದಾರಿಯಲ್ಲೇ ನುಗ್ಗುತ್ತದೆ ಎಂಬುದನ್ನು ಜಪಾನಿನ ವಿಜ್ಞಾನಿಗಳು 2012ರಲ್ಲಿ ಖಚಿತಪಡಿಸಿದರು. ಸತು ಸಾಲದ ನೆಲದಲ್ಲಿ ಗಿಡ ಸತುವಿಗಾಗಿ ಈ ದಾರಿಗಳನ್ನು ಇನ್ನಷ್ಟು ತೆರೆಯುತ್ತದೆ, ಸತುವಿನ ಜಾಗದಲ್ಲಿ ಕ್ಯಾಡ್ಮಿಯಂ ಬರುತ್ತದೆ. ಗುಜರಾತಿನಲ್ಲೂ ಕರ್ನಾಟಕದಲ್ಲೂ ಸತುವಿನ ಕೊರತೆಯ ಹೊಲಗಳು ಅಪಾರ. ನೀರಿನಲ್ಲಿ ಒಂದೇ ಪ್ರಮಾಣದ ಕ್ಯಾಡ್ಮಿಯಂ ಇದ್ದರೂ ಅಕ್ಕಪಕ್ಕದ ಎರಡು ಹೊಲಗಳಲ್ಲಿ ಬೆಳೆಗೆ ಸೇರುವುದು ಬೇರೆಬೇರೆಯಾಗಬಹುದು. ಕೊಳವೆಯ ತುದಿಯ ಅಂಕಿ ಇದನ್ನು ಎಂದಿಗೂ ತಿಳಿಸಲಾರದು. ಬೆಳೆಯಿಂದ ಬೆಳೆಗೂ ವ್ಯತ್ಯಾಸವಿದೆ. ಸೊಪ್ಪು ಹೆಚ್ಚು ಹೀರುತ್ತದೆ, ಬದನೆ, ಟೊಮೆಟೊದಂಥ ಕಾಯಿಗಳು ಸಾಮಾನ್ಯವಾಗಿ ಕಡಿಮೆ. ತಂಬಾಕು ಕ್ಯಾಡ್ಮಿಯಮ್ಮನ್ನು ಎಲೆಯಲ್ಲೇ ಕೂಡಿಡುತ್ತದೆ, ಮತ್ತು ಅಹಮದಾಬಾದ್–ವಡೋದರಗಳ ನಡುವಿನ ಚರೋತರ್ ಸೀಮೆ ನಮ್ಮ ನಿಪ್ಪಾಣಿಯಂತೆಯೇ ಬೀಡಿ ತಂಬಾಕಿನ ನಾಡು.

‘ಮಿತಿ’ವಾದಿಗಳ ಬಳಿ ಒಂದು ಗಟ್ಟಿ ವಾದವಿದೆ. ಗುಜರಾತಿನ ಬಹುಪಾಲು ಮಣ್ಣು ಕ್ಷಾರೀಯ, ಸುಣ್ಣದ ಅಂಶವುಳ್ಳದ್ದು, ಎಷ್ಟೋ ಕಡೆ ಜಿಗುಟು ಎರೆ. ಇಂಥ ಮಣ್ಣು ಕ್ಯಾಡ್ಮಿಯಂ, ಸೀಸ, ನಿಕ್ಕಲ್‌ಗಳನ್ನು ಬಿಗಿಯಾಗಿ ಹಿಡಿಯುತ್ತದೆ, ಬೇರಿಗೆ ಬಿಡುವುದಿಲ್ಲ. ಇದು ನಿಜ, ಎಷ್ಟೋ ಹೊಲಗಳು ಇವತ್ತಿಗೂ ಉಳಿದಿರುವುದು ಇದರಿಂದಲೇ. ಆದರೆ ಹಿಡಿದಿಟ್ಟದ್ದು ಇಲ್ಲವಾದದ್ದಲ್ಲ. ವರ್ಷವರ್ಷವೂ ಅಮೋನಿಯಂ ಗೊಬ್ಬರ ಸುರಿದರೆ, ಸುಣ್ಣದಂಶ ಕಡಿಮೆಯಿರುವ ಕಡೆ ರಸಸಾರ ಇಳಿಯುತ್ತದೆ. ಸಾವಯವ ಅಂಶ ಕರಗಿದರೆ ಹಿಡಿತ ಸಡಿಲವಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಉಪ್ಪು. ನೀರಿನ ಕ್ಲೋರೈಡು ಕ್ಯಾಡ್ಮಿಯಂ ಜೊತೆ ಕೂಡಿ ಕರಗುವ ಸಂಯುಕ್ತವಾಗುತ್ತದೆ, ಮಣ್ಣಿನ ಹಿಡಿತ ತಪ್ಪಿಸಿಕೊಳ್ಳುತ್ತದೆ. ಆಸ್ಟ್ರೇಲಿಯಾದ ಆಲೂಗಡ್ಡೆ ಹೊಲಗಳಲ್ಲಿ ನೀರಿನ ಕ್ಲೋರೈಡು ಏರಿದಂತೆ ಗಡ್ಡೆಯ ಕ್ಯಾಡ್ಮಿಯಮ್ಮೂ ಏರುವುದನ್ನು 1994ರಲ್ಲಿ ತೋರಿಸಿದರು. ಅಹಮದಾಬಾದಿನ ಹತ್ತಿಬಟ್ಟೆಯ ಬಣ್ಣಗಾರಿಕೆಗೂ ಬಣ್ಣದ ತಯಾರಿಕೆಗೂ ಉಪ್ಪು ಮೂಟೆಗಟ್ಟಲೆ ಬೇಕು, ಅದು ತ್ಯಾಜ್ಯದಲ್ಲೇ ಹೊರಬೀಳುತ್ತದೆ. ಸಾಮಾನ್ಯ ಶುದ್ಧೀಕರಣದಲ್ಲಿ ಉಪ್ಪು ಹೋಗುವುದಿಲ್ಲ. ಲೋಹ ತರುವ ನೀರೇ ಅದನ್ನು ಸಡಿಲಿಸುವ ಉಪ್ಪನ್ನೂ ತರುತ್ತಿದೆ ಎಂದ ಮೇಲೆ ‘ನಮ್ಮ ಮಣ್ಣು ಹಿಡಿದಿಡುತ್ತದೆ’ ಎಂಬ ಸಮಾಧಾನಕ್ಕೆ ಆಧಾರವೆಲ್ಲಿ?

ಕ್ಷಾರೀಯ ಮಣ್ಣಿನ ವಾದ ಕ್ರೋಮಿಯಂನ ವಿಷರೂಪಕ್ಕಂತೂ ತಲೆಕೆಳಗಾಗುತ್ತದೆ. ಆರು ವಿದ್ಯುದಂಶದ ಕ್ರೋಮಿಯಂ ಕ್ರೋಮೇಟಾಗಿ, ಋಣ ಅಯಾನಾಗಿ ಚಲಿಸುತ್ತದೆ. ಕ್ಷಾರ ಹೆಚ್ಚಿದಷ್ಟೂ ಮಣ್ಣು ಅದನ್ನು ಹಿಡಿಯುವುದು ಕಡಿಮೆ. ನಿರುಪದ್ರವಿ ಎನಿಸಿದ ಮೂರು ವಿದ್ಯುದಂಶದ ಕ್ರೋಮಿಯಮ್ಮನ್ನು ಮಣ್ಣಿನ ಮ್ಯಾಂಗನೀಸ್ ಆಕ್ಸೈಡುಗಳೇ ಆರಕ್ಕೆ ಏರಿಸಬಲ್ಲವು ಎಂಬುದು 1979ರಿಂದ ಗೊತ್ತಿದೆ. ವಡೋದರದ ಗೋರ್ವಾದಲ್ಲಿ ಒಂದು ರಾಸಾಯನಿಕ ಕಾರ್ಖಾನೆ ಬಿಟ್ಟುಹೋದ ಕ್ರೋಮಿಯಂ ತ್ಯಾಜ್ಯದ ರಾಶಿಯನ್ನು ಕಂಡ ಊರಿಗೆ ಇದನ್ನು ಪುಸ್ತಕದಿಂದ ಕಲಿಸಬೇಕಾಗಿಲ್ಲ.

ಸೂರತ್‌ನಲ್ಲಿ ಲೋಹದ ಮುಖವೇ ಬೇರೆ. ಮೈಸೂರು ರೇಷ್ಮೆ ಸೀರೆಯ ಜರಿ ಬರುವುದು ಅಲ್ಲಿಂದ. ಆದರೆ ಊರಿನ ಬಟ್ಟೆ ಇವತ್ತು ಹೆಚ್ಚಾಗಿ ಪಾಲಿಯೆಸ್ಟರ್. ಜಗತ್ತಿನ ಬಹುತೇಕ ಪಾಲಿಯೆಸ್ಟರ್ ತಯಾರಾಗುವುದು ಆಂಟಿಮನಿ ವೇಗವರ್ಧಕದಿಂದ. ಅದರ ಒಂದಷ್ಟು ಅಂಶ, ಕಿಲೋಗೆ 200–300 ಮಿಲಿಗ್ರಾಂನಷ್ಟು, ಎಳೆಯಲ್ಲೇ ಉಳಿಯುತ್ತದೆ. 130 ಡಿಗ್ರಿ ಕಾವಿನಲ್ಲಿ ಬಣ್ಣ ಹಾಕುವಾಗ, ಕಾಸ್ಟಿಕ್ ಸೋಡಾದಿಂದ ಎಳೆಯನ್ನು ತೆಳುಮಾಡುವಾಗ ಅದು ನೀರಿಗೆ ಬಿಡುತ್ತದೆ. ಆರನೆಯ ಅನುಸೂಚಿಯ ಸಾಮಾನ್ಯ ಪಟ್ಟಿಯಲ್ಲಿ ಆಂಟಿಮನಿಯ ಹೆಸರೇ ಇಲ್ಲ. ಹೆಸರೇ ಇಲ್ಲದ್ದಕ್ಕೆ ಮಿತಿ ಎಲ್ಲಿಂದ ಬರಬೇಕು? ಸೂರತ್ ಒಂದು ಸರಿಯಾದ ಕೆಲಸವನ್ನೂ ಮಾಡಿದೆ, ಅದನ್ನು ಮನಸಾರೆ ಹೇಳಬೇಕು. 2014ರಿಂದ ಅದರ ಬಮರೋಲಿ ಘಟಕ ಮೂರನೆಯ ಹಂತದವರೆಗೆ ಶುದ್ಧಗೊಳಿಸಿದ ದಿನಕ್ಕೆ 4 ಕೋಟಿ ಲೀಟರ್ ಒಳಚರಂಡಿ ನೀರನ್ನು ಪಾಂಡೇಸರಾದ ಕಾರ್ಖಾನೆಗಳಿಗೆ ಮಾರುತ್ತದೆ. ಊರಿನ ನೀರು ಮಗ್ಗಕ್ಕೆ ಹೋಗಲಿ, ಮೆಂತ್ಯಸೊಪ್ಪಿಗೆ ಬೇಡ ಎಂಬ ವಿವೇಕ ಅದರಲ್ಲಿದೆ.

ಶುದ್ಧೀಕರಣ ಎಂದಾಗ ಲೋಹ ಎಲ್ಲಿಗೆ ಹೋಯಿತು ಎಂದೂ ಕೇಳಬೇಕು. ಎರಡನೆಯ ಹಂತದಲ್ಲಿ ಅದರ ದೊಡ್ಡ ಪಾಲು ನೀರನ್ನು ಬಿಟ್ಟು ರಾಡಿಗೆ ಸೇರುತ್ತದೆ. ನೀರಿನ ವರದಿ ಚೆನ್ನಾಗಿ ಬರುವುದು ಅದಕ್ಕೇ. ಆ ರಾಡಿ ಒಣಗಿ ಗೊಬ್ಬರವಾಗಿ ಮತ್ತೆ ಹೊಲಕ್ಕೆ ಬರುತ್ತದೆ. ಅಹಮದಾಬಾದ್ ಮಹಾನಗರಪಾಲಿಕೆ ಭಾಭಾ ಅಣು ಸಂಶೋಧನಾ ಕೇಂದ್ರದ ತಂತ್ರಜ್ಞಾನ ತಂದು ಪಿರಾಣಾದಲ್ಲಿ ಕಟ್ಟಿದ ಘಟಕ 2019ರಲ್ಲಿ ಶುರುವಾಯಿತು. ದಿನಕ್ಕೆ 100 ಟನ್ ಒಣ ರಾಡಿಗೆ ಕೋಬಾಲ್ಟ್–60ರ ಗಾಮಾ ಕಿರಣ ಹಾಯಿಸುವುದು ಅದರ ಕೆಲಸ. ವಡೋದರದ ಗಾಜರಾವಾಡಿಯಲ್ಲಿ 1990ರ ದಶಕದಿಂದಲೇ ಅಂಥ ಪ್ರಯೋಗ ನಡೆದಿದೆ. ರೋಗಾಣು ಕೊಲ್ಲಲು ಇದು ಒಳ್ಳೆಯ ವಿಧಾನ. ಆದರೆ ಗಾಮಾ ಕಿರಣ ಕ್ಯಾಡ್ಮಿಯಮ್ಮನ್ನು ಮುಟ್ಟುವುದಿಲ್ಲ. ನಗರಗೊಬ್ಬರಕ್ಕೆ ನಮ್ಮಲ್ಲಿ ಕ್ಯಾಡ್ಮಿಯಂ ಮಿತಿ ಕಿಲೋಗೆ 5 ಮಿಲಿಗ್ರಾಂ. ಅದೂ ಗೊಬ್ಬರದ ಕಿಲೋಗೆ. ಒಂದೇ ಹೊಲಕ್ಕೆ ಎಷ್ಟು ವರ್ಷ, ಎಷ್ಟು ಟನ್ ಹಾಕಬಹುದು ಎಂಬುದು ಆ ಅಂಕಿಯಲ್ಲಿಲ್ಲ.

ಕೆಟ್ಟ ಮೇಲೆ ಗಿಡಗಳಿಂದಲೇ ನೆಲ ತೊಳೆಯಬಹುದು, ಸಾಸಿವೆ ಬಿತ್ತಿದರೆ ಸಾಕು ಎಂಬ ಮಾತೂ ಈಗ ಜನಪ್ರಿಯ. ಲೆಕ್ಕ ಹಾಕಿ ನೋಡಿ. ಕಿಲೋಗೆ 3 ಮಿಲಿಗ್ರಾಂ ಕ್ಯಾಡ್ಮಿಯಂ ಇರುವ ಹೊಲದಲ್ಲಿ ಹೆಕ್ಟೇರಿಗೆ 6 ಕಿಲೋ ಕ್ಯಾಡ್ಮಿಯಂ ಇದೆ. ಅದನ್ನು 1ಕ್ಕೆ ಇಳಿಸಲು 4 ಕಿಲೋ ತೆಗೆಯಬೇಕು. ಸಾಸಿವೆ 5 ಟನ್ ಒಣ ಸೊಪ್ಪು ಕೊಟ್ಟು, ಅದರಲ್ಲಿ ಕಿಲೋಗೆ 10 ಮಿಲಿಗ್ರಾಂ ಸೇರಿತು ಎಂದಿಟ್ಟುಕೊಂಡರೂ ಒಂದು ಬೆಳೆ ತೆಗೆಯುವುದು 50 ಗ್ರಾಂ. 80 ಬೆಳೆ ಬೇಕು. ಕೊಯ್ದ ಸೊಪ್ಪನ್ನು ದನ ತಿನ್ನದಂತೆ ಎಲ್ಲಿಡುವುದು ಎಂಬ ಪ್ರಶ್ನೆ ಬೇರೆ. ಜಪಾನಿನ ಜಿಂಜು ನದಿಯ ಬಯಲಿನಲ್ಲಿ ಗಣಿಯ ಕ್ಯಾಡ್ಮಿಯಂ ಗದ್ದೆ ಸೇರಿ, ಅನ್ನದ ಮೂಲಕ ಜನರ ಎಲುಬು ಮುರಿಯುವ ‘ಇತಾಯಿ–ಇತಾಯಿ’ ಕಾಯಿಲೆ ತಂದಿತು. ಕಾರಣವನ್ನು ಸರ್ಕಾರ 1968ರಲ್ಲಿ ಒಪ್ಪಿಕೊಂಡಿತು. ಅಲ್ಲಿ ಗದ್ದೆಗಳನ್ನು ಸರಿಪಡಿಸಿದ್ದು ಕೆಟ್ಟ ಮಣ್ಣಿನ ಮೇಲೆ ಬೇರೆಡೆಯ ಒಳ್ಳೆಯ ಮಣ್ಣು ಹೊದಿಸಿ. ಮೂರು ದಶಕ ಹಿಡಿದ ಆ ಕೆಲಸ ಮುಗಿದದ್ದು 2012ರಲ್ಲಿ.

ತ್ಯಾಜ್ಯನೀರು ಹೊಲಕ್ಕೆ ಬೇಡವೇ ಬೇಡ ಎನ್ನುವುದು ನನ್ನ ವಾದವಲ್ಲ. ನೀರಿಲ್ಲದ ಸೀಮೆಯ ರೈತನಿಗೆ ಹಾಗೆ ಹೇಳುವ ಹಕ್ಕು ನಗರದವರಾದ ನಮಗಿಲ್ಲ, ಆ ನೀರಿನಲ್ಲಿ ಸಾರಜನಕ, ರಂಜಕಗಳಿರುವುದೂ ಸುಳ್ಳಲ್ಲ. ಕಾಲುವೆ ಬದಿಯಲ್ಲಿ ಸೊಪ್ಪಿನ ಬದಲು ಹರಳು ಬೆಳೆಯಬಹುದು. ಗುಜರಾತಿಗೆ ಅದು ಸ್ವಂತ ಬೆಳೆ, ಎಣ್ಣೆ ಊಟಕ್ಕಿಲ್ಲ. ಅದರ ಹಿಂಡಿಯನ್ನು ಮಾತ್ರ ಗೊಬ್ಬರವಾಗಿ ತರಕಾರಿ ಹೊಲಕ್ಕೆ ಕಳಿಸಬಾರದು. ಆದರೆ ಯಾವ ಹೊಲದಲ್ಲಿ ಯಾವ ಬೆಳೆ ಎಂದು ಹೇಳಲು ಮೊದಲು ಆ ಹೊಲದ ಮಣ್ಣನ್ನೂ ಬೆಳೆಯನ್ನೂ ಅಳೆದಿರಬೇಕು.

ಅಳೆಯುವುದು ಕಷ್ಟವೂ ಅಲ್ಲ. 2015ರಲ್ಲಿ ದೇಶಕ್ಕೆಲ್ಲ ಬಂದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿವೆ. ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸು ಅದರಲ್ಲಿ ಸೇರಿವೆ. ಇವನ್ನು ಮಣ್ಣಿನಿಂದ ಹೊರತೆಗೆಯಲು ಬಳಸುವ ಡಿಟಿಪಿಎ ದ್ರಾವಣದಲ್ಲೇ ಕ್ಯಾಡ್ಮಿಯಂ, ಸೀಸ, ನಿಕ್ಕಲ್‌ಗಳೂ ಹೊರಬರುತ್ತವೆ, ಅದೂ ಗಿಡಕ್ಕೆ ಸಿಗಬಲ್ಲ ಭಾಗ. ಪ್ರಯೋಗಾಲಯದ ಅದೇ ಯಂತ್ರದಲ್ಲಿ ಬೇರೆ ದೀಪ ಹಾಕಿದರೆ ಅವನ್ನೂ ಓದಬಹುದು. ಲಘು ಪೋಷಕಾಂಶಗಳ ಜೊತೆಗೆ ಮಾಲಿನ್ಯಕಾರಕ ಧಾತುಗಳನ್ನೂ ಅಧ್ಯಯನ ಮಾಡಬೇಕೆಂದು ಹೆಸರಿನಲ್ಲೇ ಬರೆದುಕೊಂಡಿರುವ ಅಖಿಲ ಭಾರತ ಸಂಶೋಧನಾ ಯೋಜನೆಯ ಒಂದು ಕೇಂದ್ರ ಆಣಂದದ ಕೃಷಿ ವಿಶ್ವವಿದ್ಯಾಲಯದಲ್ಲಿ, ಪಾದ್ರಾದಿಂದ ದೂರವಲ್ಲದ ಜಾಗದಲ್ಲಿ, ಕೆಲಸ ಮಾಡುತ್ತಿದೆ. ಜ್ಞಾನ ಇದೆ, ಯಂತ್ರ ಇದೆ, ಚೀಟಿ ಇದೆ. ಚೀಟಿಯಲ್ಲಿ ಕ್ಯಾಡ್ಮಿಯಂಗೆ ಸಾಲಿಲ್ಲ.

ಕೋಲಾರಕ್ಕೆ ದಿನಕ್ಕೆ 44 ಕೋಟಿ ಲೀಟರ್ ನೀರು ಹರಿಸಲು ಮಾಡಿದ ಯೋಜನೆಗೆ ಶಾಶ್ವತ ನೀರಾವರಿ ಹೋರಾಟ ಸಮಿತಿ ಮೂರನೆಯ ಹಂತದ ಶುದ್ಧೀಕರಣ ಕೇಳುತ್ತ ಬಂದಿದೆ. ಆ ಬೇಡಿಕೆ ನ್ಯಾಯವಾದದ್ದು, ಆದರೆ ಅದರೊಂದಿಗೆ ಇನ್ನೊಂದು ಸೇರಬೇಕು. ಕೆರೆಯ ಹೂಳು, ಅಚ್ಚುಕಟ್ಟಿನ ಮಣ್ಣು, ಅಲ್ಲಿನ ಸೊಪ್ಪು ಮತ್ತು ರಾಗಿ, ಈ ನಾಲ್ಕನ್ನೂ ವರ್ಷಕ್ಕೊಮ್ಮೆ ಅಳೆದು ಊರೂರಿನ ಪಂಚಾಯಿತಿಯಲ್ಲಿ ಕನ್ನಡದಲ್ಲಿ ಹಚ್ಚಬೇಕು. ವೃಷಭಾವತಿಯ ನೀರು ದಶಕಗಳಿಂದ ನಿಂತಿರುವ ಬೈರಮಂಗಲದಲ್ಲಿ ಇದು ಎಂದೋ ಆಗಬೇಕಿತ್ತು. ಪಾದ್ರಾ, ಜಂಬೂಸರ್, ವಾಸಣಾದ ಕೆಳಗಿನ ಹಳ್ಳಿಗಳಲ್ಲಿ ಗುಜರಾತಿಯಲ್ಲಿ ಹಚ್ಚಬೇಕು. ಅನುಸೂಚಿಯ ನೀರಾವರಿ ಕಾಲಮ್ಮಿನ ಅಡ್ಡಗೆರೆಗಳ ಜಾಗದಲ್ಲಿ ಅಂಕಿ ಬರೆಯಬೇಕು, ಹೆಕ್ಟೇರಿಗೆ ವರ್ಷಕ್ಕೆ ಎಂಬ ಲೆಕ್ಕದಲ್ಲಿ. ಇದಕ್ಕೆಲ್ಲ ಹಣ ಎಲ್ಲಿಂದ ಎಂದು ಕೇಳುವವರಿಗೆ 1995ರ ತೀರ್ಪು ದಾರಿ ತೋರಿಸಿದೆ: ಲೋಹವನ್ನು ನೀರಿಗೆ ಬಿಟ್ಟವರು ತಮ್ಮ ವಹಿವಾಟಿನಿಂದ ಕೊಡಬೇಕು.